ಕಾವಲಿನ ಕೂಲಿ

1868ರಲ್ಲಿ ಅಕ್ಕಲಕೋಟೆ ಸಂಸ್ಥಾನದ ಸವಾರರು ಕುದುರೆ ಇಳಿದರು. ಯುದ್ಧ ಆಗಿರಲಿಲ್ಲ, ಯಾರೂ ಸೋತಿರಲಿಲ್ಲ. ಜಮಾಖರ್ಚಿನ ಪುಸ್ತಕದಲ್ಲಿ ಒಂದು ಸಾಲು ಬದಲಾಯಿತು, ಅಷ್ಟೆ. 1820ರ ಕರಾರಿನ ಪ್ರಕಾರ ಅಲ್ಲಿನ ಭೋಸಲೆ ರಾಜರು ಸಾತಾರೆಯ ಛತ್ರಪತಿಗಳ ಸೇವೆಗೆಂದು ಸವಾರರ ತುಕಡಿಯೊಂದನ್ನು ಸಾಕಬೇಕಿತ್ತು. ಗಾದಿಗೆ ವಾರಸುದಾರರಿಲ್ಲವೆಂದು ಇಂಗ್ಲಿಷರು 1848-49ರಲ್ಲಿ ಸಾತಾರೆಯನ್ನೇ ನುಂಗಿದ ಮೇಲೆ ಅಕ್ಕಲಕೋಟೆಯ ಸವಾರರೂ ಅವರ ಲೆಕ್ಕಕ್ಕೆ ಸೇರಿದರು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅವರಿಗೆ ಹೊಳೆಯಿತು: ಕುದುರೆ ಯಾಕೆ, ಕುದುರೆಯ ಖರ್ಚೇ ಕೈಗೆ ಬಂದರೆ ಸಾಕಲ್ಲ! ತುಕಡಿ ಬರಖಾಸ್ತಾಯಿತು. ಅದರ ಬದಲಿಗೆ ಸಂಸ್ಥಾನ ವರ್ಷಕ್ಕೆ 14,592 ರೂಪಾಯಿ ಕಟ್ಟಬೇಕೆಂದು ಗೊತ್ತಾಯಿತು. ಇಪ್ಪತ್ತನೆಯ ಶತಮಾನದ ಆರಂಭದ ಗೆಝೆಟಿಯರುಗಳಲ್ಲೂ ಈ ಬಾಬತ್ತು ಹಾಗೆಯೇ ನಡೆದು ಬಂದಿದೆ. ಲಾಯದಲ್ಲಿ ಇಲ್ಲದ ಕುದುರೆಗಳಿಗೆ ಅಕ್ಕಲಕೋಟೆಯ ರೈತ ದಶಕಗಟ್ಟಲೆ ಮೇವಿನ ಹಣ ತೆತ್ತ.

ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಕಾವಲಿನ ಚರಿತ್ರೆಯಲ್ಲಿ ಇಂಥ ಉಳಿತಾಯಗಳು ಮತ್ತೆ ಮತ್ತೆ ಎದುರಾಗುತ್ತವೆ. ಸರಕಾರದ ತಿಜೋರಿಯಲ್ಲಿ ಉಳಿದ ದುಡ್ಡಿನ ಭಾರ ಪ್ರತಿ ಸಲವೂ ಬೇರೆ ಯಾರದೋ ಬೆನ್ನಿಗೆ ಬಿದ್ದಿದೆ. ಆ ಬೆನ್ನು ಯಾರದೆಂದು ಹುಡುಕುತ್ತ ಹೋದರೆ ಕಳ್ಳ ಯಾರು, ಕಾವಲುಗಾರ ಯಾರು ಎಂಬ ಗೆರೆಯೂ ಆಗಾಗ ಅಳಿಸಿಹೋಗುತ್ತದೆ.

ಕಂಪನಿ ಸರಕಾರ ಬರುವ ಮುಂಚೆ ಇಲ್ಲಿ ಊರ ಕಾವಲು ಊರಿನದೇ ಬಾಬ್ತು. ಗೌಡ ಅಥವಾ ಪಾಟೀಲ ಮೇಲೆ, ಅವನ ಕೈಕೆಳಗೆ ತಳವಾರ, ವಾಲಿಕಾರ, ಮಹಾರರು. ಪುಣೆಯ ಕಡೆಗೆ ಹೋದಂತೆ ಇದೇ ಕೆಲಸ ರಾಮೋಶಿಗಳದ್ದು, ಕೃಷ್ಣೆ ಭೀಮೆಯರ ಸೀಮೆಯಲ್ಲಿ ಬಹುಪಾಲು ಬೇಡರದ್ದು. ಬೆಳಗಾವಿ, ಧಾರವಾಡದ ಕಡೆ ಶೇತಸನದಿಗಳೆಂಬ ಇನ್ನೊಂದು ವರ್ಗವಿತ್ತು. ಅವರಿಗೆ ಹೊಲ ಕೊಟ್ಟು, ಬೇಕಾದಾಗ ಕತ್ತಿ ಬಂದೂಕು ಹಿಡಿದು ಬಾ ಎನ್ನುವ ಪದ್ಧತಿ. ಯಾರಿಗೂ ತಿಂಗಳ ಪಗಾರವಿಲ್ಲ. ಇನಾಮು ಹೊಲದ ತುಂಡು, ಕಣದಲ್ಲಿ ಜೋಳದ ರಾಶಿ ಏಳುವಾಗ ಇಷ್ಟು ಮೊರ ಎಂದು ಗೊತ್ತುಮಾಡಿದ ಆಯ, ಹಬ್ಬ ಮದುವೆಗಳ ಮರ್ಯಾದೆ. ಇವೇ ಅವರ ಸಂಬಳ.

ಈ ಏರ್ಪಾಟಿನಲ್ಲಿ ಒಂದು ಖಡಕ್ ನಿಯಮವಿತ್ತು. ಪೇಶವೆಯಿಂದ ಗೆದ್ದ ಪ್ರದೇಶಗಳ ಬಗ್ಗೆ 1819ರಲ್ಲಿ ವರದಿ ಬರೆದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಅದನ್ನು ಕುತೂಹಲದಿಂದ ದಾಖಲಿಸಿದ್ದಾನೆ. ಊರಲ್ಲಿ ಕಳವಾದರೆ ಕಾವಲುಗಾರನೇ ಹೊಣೆ. ಅವನು ಕಳ್ಳನ ಹೆಜ್ಜೆಯ ಜಾಡು ಹಿಡಿದು ಹೊರಡಬೇಕು. ಜಾಡು ಮುಂದಿನ ಊರಿನ ಸೀಮೆ ದಾಟಿತೆಂದು ತೋರಿಸಿಕೊಟ್ಟರೆ ಅವನ ಹೊಣೆ ಮುಗಿಯಿತು, ಆ ಊರಿನ ಕಾವಲುಗಾರನ ಹೊಣೆ ಶುರು. ಎಲ್ಲಿ ಜಾಡು ಕಡಿಯುತ್ತದೋ ಆ ಊರು ನಷ್ಟ ತುಂಬಿಕೊಡಬೇಕು. ಕರಿಮಣ್ಣಿನ ಎರಿ ಹೊಲದಲ್ಲಿ, ಅದೂ ಮಳೆ ಬಿದ್ದ ಮರುದಿನ, ಹೆಜ್ಜೆ ಓದುವುದು ಬಲ್ಲವರಿಗೆ ಕಷ್ಟದ ಕೆಲಸವೇನಲ್ಲ. ಬಲ್ಲವರು ಯಾರು ಎಂಬುದೇ ಇಲ್ಲಿನ ಸ್ವಾರಸ್ಯ. ರಾಮೋಶಿ, ಬೇಡ, ಭಿಲ್ಲ ಮೊದಲಾದವರನ್ನು ಕಾವಲಿಗಿಟ್ಟುದರ ಹಿಂದೆ ಅವರ ಶೌರ್ಯದಷ್ಟೇ ಇನ್ನೊಂದು ಲೆಕ್ಕಾಚಾರವೂ ಇತ್ತು: ಕಾವಲಿಗಿಡದಿದ್ದರೆ ಇವರೇ ದೋಚಿಯಾರು. ಆಯ ಎಂಬುದು ಅರ್ಧ ಸಂಬಳ, ಅರ್ಧ ವಿಮೆ.

ವಿಮೆಯ ಕಂತು ನಿಂತರೆ ಏನಾಗುತ್ತದೆ ಎಂಬುದಕ್ಕೆ ಬಹಳ ಕಾಯಬೇಕಾಗಲಿಲ್ಲ. 1818ರ ಮೇ ತಿಂಗಳಲ್ಲಿ ಥಾಮಸ್ ಮನ್ರೋ ಸೊಲ್ಲಾಪುರದ ಕೋಟೆಗೆ ಮುತ್ತಿಗೆ ಹಾಕಿ ಕೆಲವೇ ದಿನಗಳಲ್ಲಿ ವಶಪಡಿಸಿಕೊಂಡ. ಪೇಶವೆಯ ರಾಜ್ಯ ಮುಗಿಯಿತು. ಅದರ ಜೊತೆಗೆ ಕೋಟೆ ಕೋಟೆಗಳಲ್ಲಿ ಪಹರೆಗಿದ್ದ ಸಾವಿರಾರು ಜನರ ಅನ್ನವೂ ಮುಗಿಯಿತು. ಹೊಸ ಕಲೆಕ್ಟರುಗಳು ಊರಿನ ಗಾಂವಖರ್ಚು ನೋಡಿ ಹುಬ್ಬೇರಿಸಿದರು. ಗುಡಿಯ ಎಣ್ಣೆ, ಫಕೀರನ ಭಿಕ್ಷೆ, ಕಾವಲಿನ ಬಾಬತ್ತು ಎಲ್ಲಕ್ಕೂ ಕತ್ತರಿ ಬಿತ್ತು. ಪುರಂದರದ ಕಡೆ ಕೋಟೆಯ ಕಾವಲು ಕಳೆದುಕೊಂಡ ರಾಮೋಶಿಗಳು ಉಮಾಜಿ ನಾಯಕನ ಹಿಂದೆ ನಿಂತರು. 1826ರಿಂದ ವರ್ಷಗಟ್ಟಲೆ ಸರಕಾರ ಅವನ ಬೆನ್ನು ಹತ್ತಿತು, ಒಮ್ಮೆ ರಾಜಿ ಮಾಡಿಕೊಂಡು ಅವನನ್ನೇ ಕಾವಲಿನ ಕೆಲಸಕ್ಕೂ ಇಟ್ಟುಕೊಂಡಿತು. ಕೊನೆಗೆ 1832ರ ಫೆಬ್ರುವರಿ 3ರಂದು ಪುಣೆಯಲ್ಲಿ ಗಲ್ಲಿಗೇರಿಸಿತು. ಅವನನ್ನು ಹಿಡಿಯಲು ಸುರಿದ ಹಣದಲ್ಲಿ ಎಷ್ಟು ಕೋಟೆಗಳ ಪಹರೆ ನಡೆಯುತ್ತಿತ್ತು ಎಂದು ಯಾರೂ ಲೆಕ್ಕ ಹಾಕಿದಂತಿಲ್ಲ.

ಅಕ್ಕಲಕೋಟೆಯಲ್ಲೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬೆಂಕಿ ಹತ್ತಿತು. ರಾಜ ಶಹಾಜಿ ಇನ್ನೂ ಹುಡುಗ, ಆಡಳಿತ ಸಾತಾರೆಯವರ ಕೈಯಲ್ಲಿ. ಅವರು ವಂಶಪಾರಂಪರ್ಯದ ಹಕ್ಕುಗಳಿಗೆ ಕೈಹಾಕಿದ್ದೇ ತಡ, 1830ರ ಆಸುಪಾಸು ಬೋರಗಾಂವದ ಶಂಕರರಾವ ಸರದೇಶಮುಖ ಬಂಡೆದ್ದ. ಅದನ್ನು ಅಡಗಿಸಲು ಬ್ರಿಟಿಷ್ ದಂಡೇ ಬರಬೇಕಾಯಿತು. ಸರದೇಶಮುಖ ಬಡ ತಳವಾರನಲ್ಲ, ದೊಡ್ಡ ವತನದಾರ. ಆದರೂ ಕಾರಣದ ಬೇರು ಒಂದೇ: ಊರು ನಾಡುಗಳ ವ್ಯವಸ್ಥೆ ನೋಡಿಕೊಳ್ಳುವವರಿಗೆ ಸಲ್ಲುತ್ತಿದ್ದ ಪಾಲು ಖಜಾನೆಯ ಕಣ್ಣಿಗೆ ಪೋಲು ಖರ್ಚಾಗಿ ಕಂಡಿತ್ತು.

ಭೂಗೋಳ ಬೇರೆ ಕಳ್ಳನ ಕಡೆಗಿತ್ತು. ಅಕ್ಕಲಕೋಟೆ ಸಂಸ್ಥಾನದ ವಿಸ್ತಾರ 498 ಚದರ ಮೈಲಿ, 1901ರ ಜನಗಣತಿಯಲ್ಲಿ 82,047 ಜನ. ಪೂರ್ವಕ್ಕೂ ಉತ್ತರಕ್ಕೂ ನಿಜಾಮನ ರಾಜ್ಯ, ಪಶ್ಚಿಮಕ್ಕೆ ಬ್ರಿಟಿಷರ ಸೊಲ್ಲಾಪುರ, ತೆಂಕಣಕ್ಕೆ ಭೀಮೆ ದಾಟಿದರೆ ವಿಜಾಪುರ ಜಿಲ್ಲೆ. ಸಾಲದ್ದಕ್ಕೆ ದೂರದ ಮಾಳಶಿರಸದ ಕಡೆ ಒಂದಿಷ್ಟು ಬಿಡಿ ಹಳ್ಳಿಗಳು. ಸಂತೆಯಲ್ಲಿ ಕನ್ನಡ, ದರಬಾರಿನಲ್ಲಿ ಮರಾಠಿ, ಗಡಿಯಾಚೆಯ ಕಚೇರಿಯಲ್ಲಿ ಉರ್ದು. ದುಧನಿಯಲ್ಲಿ ಎತ್ತು ಕದ್ದವನು ಬೆಳಗಾಗುವುದರೊಳಗೆ ಇನ್ನೊಂದು ರಾಜ್ಯದಲ್ಲಿರುತ್ತಿದ್ದ. ಹಳೆಯ ಪದ್ಧತಿಯಲ್ಲಾದರೆ ಜಾಡು ಒಬ್ಬ ತಳವಾರನ ಕೈಯಿಂದ ಇನ್ನೊಬ್ಬನ ಕೈಗೆ ದಾಟುತ್ತಿತ್ತು. ಸಮವಸ್ತ್ರದ ಪೊಲೀಸ ಬಂದ ಮೇಲೆ ಅವನು ಸೀಮೆಕಲ್ಲಿನ ಹತ್ತಿರ ನಿಂತು ಅರ್ಜಿ ಬರೆಯಬೇಕಾಯಿತು.

ಕಣದ ಆಯಕ್ಕೆ ಇನ್ನೊಂದು ದೌರ್ಬಲ್ಯವೂ ಇತ್ತು. ಬೆಳೆ ಬಂದರೆ ಪಾಲು, ಬರದಿದ್ದರೆ ಇಲ್ಲ. 1876-78ರ ಬರದಲ್ಲಿ ಸೊಲ್ಲಾಪುರ, ಕಲಾದಗಿ ಜಿಲ್ಲೆಗಳು ತತ್ತರಿಸಿದಾಗ ಕಾವಲುಗಾರನ ಸಂಬಳವನ್ನು ಯಾವ ಅಧಿಕಾರಿಯೂ ಕಡಿಯಬೇಕಾಗಲಿಲ್ಲ, ಆಕಾಶವೇ ಕಡಿಯಿತು. ಕಾಮಗಾರಿಗೆ ಬಂದ ಹಸಿದವರಿಗೆ ಸರ್ ರಿಚರ್ಡ್ ಟೆಂಪಲ್ ಗೊತ್ತುಮಾಡಿದ ದಿನಗೂಲಿ ಒಂದು ಪೌಂಡು ಕಾಳು ಮತ್ತು ಒಂದಾಣೆ. ಖಜಾನೆ ಉಳಿಸಲೆಂದೇ ಇಳಿಸಿದ ಕೂಲಿ ಅದು. ಇದೆಲ್ಲವನ್ನು ಕಣ್ಣಾರೆ ಕಂಡು ಕುದಿದವರಲ್ಲಿ ಪುಣೆಯ ಸೇನಾ ಹಣಕಾಸು ಕಚೇರಿಯ ಒಬ್ಬ ಗುಮಾಸ್ತನೂ ಇದ್ದ. ಹೆಸರು ವಾಸುದೇವ ಬಳವಂತ ಫಡಕೆ. ಸರಕಾರ ಎಲ್ಲಿ ಉಳಿಸುತ್ತದೆ, ಎಲ್ಲಿ ಸುರಿಯುತ್ತದೆ ಎಂಬುದನ್ನು ಕಡತಗಳಲ್ಲೇ ನೋಡಿದ್ದ ಮನುಷ್ಯ. 1879ರಲ್ಲಿ ಅವನು ಕಟ್ಟಿದ ಪಡೆಯ ಮುಖ್ಯ ಬಲ ರಾಮೋಶಿಗಳೇ. ಸಿರಿವಂತರ ಮನೆ ದೋಚಿ, ಪೊಲೀಸರು ಬೆನ್ನಟ್ಟಿದಾಗ ಅಕ್ಕಲಕೋಟೆಯಿಂದ ಬಹಳ ದೂರವಲ್ಲದ ಗಾಣಗಾಪುರದಲ್ಲಿ ಅಡಗಿದ. ಆ ಜುಲೈಯಲ್ಲಿ ಈಗಿನ ವಿಜಯಪುರ ಜಿಲ್ಲೆಯ ದೇವರ ನಾವದಗಿಯಲ್ಲಿ ಮೇಜರ್ ಡೇನಿಯಲ್‌ನ ಕೈಗೆ ಸಿಕ್ಕಿಬಿದ್ದ. ಹಿಡಿದ ಪಡೆಯಲ್ಲಿ ನಿಜಾಮನ ಪೊಲೀಸರೂ ಇದ್ದರು. ಸೀಮೆಕಲ್ಲಿನ ಅಡ್ಡಿ ಎತ್ತಿನ ಕಳವಿಗೆ ಮಾತ್ರ, ರಾಜದ್ರೋಹಕ್ಕೆ ಇರಲಿಲ್ಲ.

ಅಷ್ಟರಲ್ಲಿ ಊರ ಕಾವಲು ಅರ್ಧ ಸರಕಾರಿಯಾಗಿತ್ತು. 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯ್ದೆ ಪಾಟೀಲನಿಗೆ ಪೊಲೀಸ್ ಅಧಿಕಾರ ಕೊಟ್ಟಿತು. ಅವನ ಕೈಕೆಳಗಿನವರಿಗೆ ಹಳೆಯ ಆಯದ ಆಸರೆಯೇ ಗತಿಯಾಯಿತು. ಮೇಲಿನ ಖಾಸಾ ಪೊಲೀಸನ ಸ್ಥಿತಿಯೂ ಹೇಳಿಕೊಳ್ಳುವಂತಿರಲಿಲ್ಲ. ಆಂಡ್ರೂ ಫ್ರೇಜರ್ ಅಧ್ಯಕ್ಷತೆಯ 1902-03ರ ಪೊಲೀಸ್ ಆಯೋಗ ದೇಶವೆಲ್ಲ ಸುತ್ತಿ ಬಂದು, ಪೇದೆಗೆ ತಿಂಗಳಿಗೆ ಕನಿಷ್ಠ 8 ರೂಪಾಯಿಯಾದರೂ ಕೊಡಿ ಎಂದು ಶಿಫಾರಸು ಮಾಡಿತು. ಎಂಟು ರೂಪಾಯಿ ಎಂಬುದು ಸುಧಾರಣೆಯಾಗಿ ಕಂಡಿತೆಂದರೆ ಅದಕ್ಕೆ ಮುಂಚಿನ ಪೇದೆ ಹೊಟ್ಟೆ ಹೇಗೆ ಹೊರೆದುಕೊಳ್ಳುತ್ತಿದ್ದ ಎಂದು ವಿವರಿಸಬೇಕಾಗಿಲ್ಲ. ಆಯೋಗ ಲಂಚದ ಬಗ್ಗೆ ಮುಲಾಜಿಲ್ಲದೆ ಬರೆಯಿತು. ದಂಗೆಯಾದರೆ ಸರಕಾರದ ಬಳಿ ಇನ್ನೊಂದು ಉಪಾಯವಿತ್ತು: ಹೆಚ್ಚುವರಿ ಪೊಲೀಸರನ್ನು ಊರಲ್ಲಿ ಕೂಡಿಸಿ, ಅವರ ಖರ್ಚನ್ನು ಊರವರಿಂದಲೇ ವಸೂಲು ಮಾಡುವುದು. 1861ರ ಪೊಲೀಸ್ ಕಾಯ್ದೆಯಲ್ಲೂ ಮುಂಬಯಿಯ 1890ರ ಜಿಲ್ಲಾ ಪೊಲೀಸ್ ಕಾಯ್ದೆಯಲ್ಲೂ ಇದಕ್ಕೆ ಅವಕಾಶವಿತ್ತು. ಕಾವಲೂ ಶಿಕ್ಷೆಯೂ ಒಂದೇ ರಸೀದಿಯಲ್ಲಿ.

ಆದರೆ ಅಗ್ಗದ ಪೊಲೀಸ್ ವ್ಯವಸ್ಥೆಯ ಪರಮಾವಧಿ ಕಾಣಬೇಕೆಂದರೆ ಸೊಲ್ಲಾಪುರದ ಸೆಟ್ಲಮೆಂಟಿಗೇ ಬರಬೇಕು.

ಅಪರಾಧಿ ಬುಡಕಟ್ಟುಗಳ ಕಾಯ್ದೆ 1871ರಷ್ಟು ಹಳೆಯದು. ಮುಂಬಯಿ ಪ್ರಾಂತಕ್ಕೆ ಅದು ಕಾಲಿಟ್ಟದ್ದು 1911ರ ಪರಿಷ್ಕೃತ ರೂಪದಲ್ಲಿ. ಒಂದು ಜಾತಿಗೆ ಜಾತಿಯನ್ನೇ ಸರಕಾರ ಅಪರಾಧಿಯೆಂದು ಸಾರಬಹುದು, ಕೋರ್ಟು ಅದನ್ನು ಪ್ರಶ್ನಿಸುವಂತಿಲ್ಲ. ಬೆರಳಚ್ಚು ಕೊಡಬೇಕು, ಹಾಜರಿ ಹಾಕಬೇಕು, ಊರು ಬಿಡಲು ಪಾಸು ಬೇಕು. ವಿಜಾಪುರದಲ್ಲಿ ಸಹಾಯಕ ಕಲೆಕ್ಟರಾಗಿದ್ದ ಓ. ಎಚ್. ಬಿ. ಸ್ಟಾರ್ಟ್ ಎಂಬ ಅಧಿಕಾರಿ ಇದಕ್ಕೆ ಹೊಸ ರೂಪ ಕೊಟ್ಟ. ಇವರನ್ನು ಹಳ್ಳಿಹಳ್ಳಿಗೆ ಬೆನ್ನಟ್ಟುವ ಬದಲು ಗಿರಣಿ, ರೈಲ್ವೆ ಇರುವ ಊರುಗಳ ಅಂಚಿನಲ್ಲಿ ಒಂದೆಡೆ ಕೂಡಿಹಾಕಿ ದುಡಿಸಿದರೆ ಹೇಗೆ? ವಿಜಾಪುರ, ಹುಬ್ಬಳ್ಳಿ, ಗದಗ, ಗೋಕಾಕ ಫಾಲ್ಸ್, ಬಾರಾಮತಿ, ಸೊಲ್ಲಾಪುರ ಎಂದು ಸೆಟ್ಲಮೆಂಟುಗಳು ಎದ್ದವು. ಸೊಲ್ಲಾಪುರದ್ದು ಪ್ರಾಂತದ ಅತಿ ದೊಡ್ಡವುಗಳಲ್ಲೊಂದು. ಅಮೆರಿಕನ್ ಮರಾಠಿ ಮಿಷನ್ ಅದರ ಉಸ್ತುವಾರಿ ಹೊತ್ತಿತು. ಪಾರ್ಧಿ, ಕೈಕಾಡಿ, ಭಾಟ, ಗಂಟಿಚೋರ ಮುಂತಾದ ಸಮುದಾಯಗಳ ಜನ ತಂತಿಬೇಲಿಯೊಳಗೆ ಬಂದರು.

ಸ್ಟಾರ್ಟ್ ಕೇಡಿಗನಲ್ಲ. ಶಾಲೆ, ಸಹಕಾರ ಸಂಘಗಳ ಬಗ್ಗೆ ಅವನಿಗೆ ನಿಜವಾದ ಕಳಕಳಿಯಿತ್ತು. ಮುಂದೆ ದಲಿತರು ಮತ್ತು ಆದಿವಾಸಿಗಳ ಸ್ಥಿತಿಗತಿ ಕುರಿತು 1930ರಲ್ಲಿ ವರದಿ ಕೊಟ್ಟ ಸಮಿತಿಗೂ ಅವನೇ ಅಧ್ಯಕ್ಷ, ಅದರ ಸದಸ್ಯರಲ್ಲಿ ಡಾ. ಅಂಬೇಡ್ಕರ್ ಒಬ್ಬರು. ಆದರೆ ಸೆಟ್ಲಮೆಂಟಿನ ಅರ್ಥಶಾಸ್ತ್ರವನ್ನು ತಣ್ಣಗೆ ನೋಡಬೇಕು. ನೂರಾರು ಹಳ್ಳಿಗಳಲ್ಲಿ ನಿಗಾ ಇಡಬೇಕಾದ ಜನರನ್ನು ಒಂದು ಬೇಲಿಯೊಳಗೆ ತಂದರೆ ಕಾವಲಿಗೆ ಬೆರಳೆಣಿಕೆಯ ಜನ ಸಾಕು. ಒಳಗಿದ್ದವರ ಊಟದ ಖರ್ಚು ಸರಕಾರಕ್ಕಿಲ್ಲ, ಗಿರಣಿಯ ಕೂಲಿಯಿಂದ ಅವರೇ ಉಣ್ಣುತ್ತಾರೆ. ಗಿರಣಿಗೆ ಬಿಟ್ಟುಹೋಗಲಾರದ ಆಳು ಸಿಗುತ್ತದೆ. ಮಿಷನ್ನಿಗೆ ಸೇವೆಯ ಕ್ಷೇತ್ರ ಸಿಗುತ್ತದೆ. ನಷ್ಟವಾದದ್ದು ಒಳಗಿದ್ದವರಿಗೆ ಮಾತ್ರ. ಮಕ್ಕಳನ್ನು ತಂದೆತಾಯಿಗಳಿಂದ ಬೇರೆ ಮಾಡಿ ಇಡಲೂ ಕಾಯ್ದೆಯಲ್ಲಿ ಅಧಿಕಾರವಿತ್ತು. ಕಳವು ಮಾಡದವನೂ ಹಾಜರಿ ತಪ್ಪಿಸಿದರೆ ಜೈಲು. ಹೀಗೆ ಹಾಜರಿಯ ಪುಸ್ತಕವೇ ಅಪರಾಧಗಳನ್ನು ಹುಟ್ಟಿಸತೊಡಗಿತು. ಎರಡು ತಲೆಮಾರಿನ ಹಿಂದೆ ಇವರಲ್ಲಿ ಕೆಲವರ ಅಜ್ಜಂದಿರು ಊರುಗಳ ಜಾಡು ಹಿಡಿಯುವ ಕೆಲಸದಲ್ಲಿದ್ದಿರಬಹುದು ಎಂಬ ಮಾತು ಆ ಪುಸ್ತಕದ ಯಾವ ಕಾಲಮಿನಲ್ಲೂ ಹಿಡಿಸುವಂಥದ್ದಲ್ಲ.

1930ರ ಮೇ ತಿಂಗಳು ಸೊಲ್ಲಾಪುರಕ್ಕೆ ಬೇರೆಯದೇ ಒಂದು ಪರೀಕ್ಷೆ ತಂದಿತು. ಮುಂಬಯಿ ಪ್ರಾಂತದ ಖಜಾನೆಯ ದೊಡ್ಡ ಪಾಲು ಬರುತ್ತಿದ್ದದ್ದು ಅಬಕಾರಿಯಿಂದ. ಶಿಂದಿ, ಸಾರಾಯಿ ಕುಡಿದವನ ಕಾಸಿನಲ್ಲೇ ಶಾಲೆ ನಡೆಯಬೇಕು, ಪೊಲೀಸರ ಪಗಾರ ಆಗಬೇಕು. ಕಾನೂನುಭಂಗ ಚಳವಳಿಯವರು ಈಚಲು ಮರ ಕಡಿಯಲು ಹೊರಟಾಗ ಕೊಡಲಿಯ ಏಟು ಆ ಖಜಾನೆಯ ಬುಡಕ್ಕೇ ಬೀಳುತ್ತಿತ್ತು. ಗಾಂಧೀಜಿಯ ಬಂಧನವಾದ ಮೂರು ದಿನಕ್ಕೆ, ಮೇ 8ರಂದು, ರೂಪಾಭವಾನಿ ಗುಡಿಯ ಹತ್ತಿರ ಮರ ಕಡಿಯಲು ನೆರೆದ ಜನರ ಮೇಲೆ ಗೋಳಿಬಾರಾಯಿತು. ಶಂಕರ ಶಿವದಾರೆ ಎಂಬ ತರುಣ ಸತ್ತ. ಸಿಟ್ಟಿಗೆದ್ದ ಗುಂಪು ಮಂಗಳವಾರ ಪೇಟೆಯ ಪೊಲೀಸ್ ಚೌಕಿಗೆ ನುಗ್ಗಿತು, ಅಲ್ಲಿ ಪೊಲೀಸರು ಸತ್ತರು. ಕೋರ್ಟಿಗೆ ಬೆಂಕಿ ಬಿತ್ತು. ಆಡಳಿತ ಪೊಲೀಸರನ್ನು ಪೇಟೆಯಿಂದ ಹಿಂದಕ್ಕೆ ಕರೆಸಿಕೊಂಡಿತು.

ಮುಂದಿನ ಮೂರು ನಾಲ್ಕು ದಿನ ಒಂದು ದೊಡ್ಡ ಗಿರಣಿ ಪಟ್ಟಣದ ಬೀದಿಗಳಲ್ಲಿ ಪೊಲೀಸರೇ ಇರಲಿಲ್ಲ. ಸರಕಾರದ ಪ್ರಕಾರ ಅದು ಅರಾಜಕತೆ. ಕಾಂಗ್ರೆಸ್ಸಿನವರ ಪ್ರಕಾರ ಸ್ವಯಂಸೇವಕರು ಚೌಕಗಳಲ್ಲಿ ನಿಂತು ಗಾಡಿಗಳ ಸಂಚಾರವನ್ನೂ ಪೇಟೆಯ ಶಿಸ್ತನ್ನೂ ಕಾದ ಸ್ವರಾಜ್ಯದ ದಿನಗಳು. ಎರಡರಲ್ಲೂ ಉತ್ಪ್ರೇಕ್ಷೆ ಇದ್ದೀತು. ಮೇ 12ರಂದು ಸೇನೆ ಊರು ವಶಕ್ಕೆ ತೆಗೆದುಕೊಂಡಿತು. ಲಷ್ಕರಿ ಕಾಯ್ದೆ ಜೂನ್ 30ರವರೆಗೆ ನಡೆಯಿತು. ಗಾಂಧಿ ಟೋಪಿ, ತ್ರಿವರ್ಣ ಧ್ವಜ ಕೂಡ ಅಪರಾಧದ ಪಟ್ಟಿಗೆ ಸೇರಿದವು. ಚೌಕಿಯಲ್ಲಿ ಪೊಲೀಸರನ್ನು ಕೊಂದ ಆರೋಪದ ಮೇಲೆ ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಮತ್ತು ಪತ್ರಿಕೆಯೊಂದರ ಸಂಪಾದಕರಾಗಿದ್ದ ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್ ಅವರನ್ನು 1931ರ ಜನವರಿ 12ರಂದು, ಸಿದ್ಧೇಶ್ವರನ ಸಂಕ್ರಾಂತಿ ಜಾತ್ರೆಗೆ ಊರು ಅಣಿಯಾಗುತ್ತಿದ್ದ ಹೊತ್ತಿನಲ್ಲಿ, ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಅವರ ನೆನಪಿನ ಚಾರ್ ಹುತಾತ್ಮಾ ಚೌಕ ಇಂದು ಸೊಲ್ಲಾಪುರದ ನಡುಬೀದಿ.

ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಮಾರ್ಚ್ 8ರಂದು, ಅಕ್ಕಲಕೋಟೆ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಗಡಿಯಾಚೆ ನಿಜಾಮನ ರಾಜ್ಯದಲ್ಲಿ ರಜಾಕಾರರ ಹಾವಳಿ ನಡೆದಿತ್ತು. ಸಂಸ್ಥಾನದ ಪುಟ್ಟ ಪೊಲೀಸ್ ಪಡೆಯಿಂದ ಆಗದಿದ್ದದ್ದು ಸೆಪ್ಟೆಂಬರ್ 13ರಂದು ಸೊಲ್ಲಾಪುರದಿಂದ ನಳದುರ್ಗದ ದಾರಿ ಹಿಡಿದ ಜನರಲ್ ಚೌಧರಿಯವರ ಸೇನೆಯಿಂದ ಐದು ದಿನದಲ್ಲಿ ಆಯಿತು.

ಮುಂಬಯಿ ಸರಕಾರ 1949ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ರದ್ದುಮಾಡಿತು, 1952ರ ಆಗಸ್ಟ್ 31ರಂದು ದೇಶದ ಉಳಿದೆಡೆಯೂ ಅದು ಹೋಯಿತು. ಸೊಲ್ಲಾಪುರದ ಬೇಲಿಯ ತಂತಿಯನ್ನು ನೆಹರೂ ಅವರೇ ಬಂದು ಕತ್ತರಿಸಿದರೆಂಬುದು ವಿಮುಕ್ತ ಸಮುದಾಯಗಳ ನೆನಪಿನಲ್ಲಿ 1960ರ ಘಟನೆಯಾಗಿ ನಿಂತಿದೆ. ಆದರೆ ಆ 1949ರಲ್ಲೇ ಇನ್ನೊಂದು ಕಾಯ್ದೆಯೂ ಬಂತು: ಮುಂಬಯಿ ಪಾನನಿಷೇಧ ಕಾಯ್ದೆ. ಅಬಕಾರಿಯ ಆದಾಯ ಕರಗಿತು, ಹಿಡಿಯಬೇಕಾದ ಹೊಸ ಅಪರಾಧಗಳು ಬೆಳೆದವು. ಒಂದೇ ಹೊತ್ತಿಗೆ ಪೊಲೀಸರ ಹಣದ ಮೂಲ ಬತ್ತಿತು, ಪೊಲೀಸರ ಕೆಲಸ ಹೆಚ್ಚಿತು. ಊರಾಚೆಯ ತಾಂಡಾಗಳಲ್ಲಿ ಹಾತಭಟ್ಟಿ ಸಾರಾಯಿ ಕುದಿಯತೊಡಗಿದ್ದು ಇಲ್ಲಿಂದ. ಮುಂದೆ ನಿಷೇಧ ಸಡಿಲಾಯಿತು, ಅಂಗಡಿಗಳಲ್ಲಿ ಪರವಾನಗಿಯ ಬಾಟಲಿ ಬಂತು. ಭಟ್ಟಿಗಳು ಮಾತ್ರ ಆರಲಿಲ್ಲ, ಯಾಕೆಂದರೆ ತಾಂಡಾದವರಿಗೆ ಬೇರೆ ಕೆಲಸ ಬಂದಿರಲಿಲ್ಲ.

ಊರ ಕಾವಲಿನ ಗತಿ ಏನಾಯಿತು? ಕೆಳ ವತನಗಳು 1950ರ ದಶಕದ ಕೊನೆಗೆ ರದ್ದಾದವು. ಮಹಾರರ ಬಿಟ್ಟಿ ಚಾಕರಿ ಹೋಗಲೇಬೇಕಿತ್ತು, ಅಂಬೇಡ್ಕರ್ 1920ರ ದಶಕದಿಂದಲೇ ಅದಕ್ಕಾಗಿ ಹೋರಾಡಿದ್ದರು. ಪಾಟೀಲಿಕೆಯೂ ವಂಶದ ಹಕ್ಕಾಗಿ ಉಳಿಯಲಿಲ್ಲ. 1967ರ ಮಹಾರಾಷ್ಟ್ರ ಗ್ರಾಮ ಪೊಲೀಸ್ ಕಾಯ್ದೆಯಂತೆ ಪೊಲೀಸ್ ಪಾಟೀಲ ನೇಮಕಗೊಂಡು ಗೌರವಧನ ಪಡೆಯುವ ಮನುಷ್ಯನಾದ. ಅದೇ ವರ್ಷ ಗಡಿ ತಕರಾರು ಪರಿಶೀಲಿಸಿದ ಮಹಾಜನ ಆಯೋಗ ಅಕ್ಕಲಕೋಟೆ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿತ್ತು. ಅದು ಕಡತದಲ್ಲೇ ಉಳಿದು, ಕನ್ನಡದ ಹಳ್ಳಿಗಳು ಮರಾಠಿ ಫಿರ್ಯಾದಿಯಲ್ಲೇ ಕಳವು ದಾಖಲಿಸುತ್ತ ಬಂದವು. ತಿಂಗಳಿಗೆ 6,500 ರೂಪಾಯಿ ಇದ್ದ ಪೊಲೀಸ್ ಪಾಟೀಲನ ಗೌರವಧನ 15,000ಕ್ಕೆ ಏರಿದ್ದು 2024ರಲ್ಲಿ. ಅಲ್ಲಿಯವರೆಗೆ ಈ ಹುದ್ದೆ ನಡೆದದ್ದು ಹೆಚ್ಚಾಗಿ ಊರಿನಲ್ಲಿ ಸಿಗುವ ಮರ್ಯಾದೆಯ ಬಲದ ಮೇಲೆ.

ಕೊರೊನಾ ಬಂದಾಗ 2020ರ ಮೇ 4ರಂದು ಮಹಾರಾಷ್ಟ್ರ ಸರಕಾರ ಅಭಿವೃದ್ಧಿ ಖರ್ಚನ್ನು ಶೇಕಡ 67ರಷ್ಟು ಕಡಿದು, ಆರೋಗ್ಯವನ್ನು ಬಿಟ್ಟು ಹೊಸ ನೇಮಕಾತಿ ನಿಲ್ಲಿಸಿತು. ಆದರೆ ಲಾಕ್‌ಡೌನ್ ನಡೆಸುವವರೇ ಪೊಲೀಸರು. ಕೆಲವೇ ತಿಂಗಳಲ್ಲಿ ಸಚಿವ ಸಂಪುಟ ಹನ್ನೆರಡು ಸಾವಿರಕ್ಕೂ ಹೆಚ್ಚು ಪೊಲೀಸ್ ಹುದ್ದೆಗಳ ಭರ್ತಿಗೆ ಒಪ್ಪಿಗೆ ಕೊಡಬೇಕಾಯಿತು. ಒಪ್ಪಿಗೆ ಬಂದರೂ ನೇಮಕಾತಿ ಎಳೆದಾಡುತ್ತ ಹೋಯಿತು.

ಇದ್ದಷ್ಟು ಜನರಲ್ಲೇ ಏನಾದರೂ ಮಾಡಬೇಕೆಂದು 2021ರಲ್ಲಿ ಸೊಲ್ಲಾಪುರ ಗ್ರಾಮೀಣ ಪೊಲೀಸ್ ಅಧೀಕ್ಷಕಿ ತೇಜಸ್ವಿ ಸಾತಪುತೆ 'ಆಪರೇಷನ್ ಪರಿವರ್ತನ' ಶುರುಮಾಡಿದರು. ಹಾತಭಟ್ಟಿಗೆ ಹೆಸರಾದ ಊರು, ತಾಂಡಾಗಳನ್ನು ಗುರುತಿಸಿ ಒಂದೊಂದನ್ನೂ ಒಬ್ಬೊಬ್ಬ ಅಧಿಕಾರಿ ದತ್ತು ಪಡೆಯುವುದು, ದಾಳಿಯ ಜೊತೆಗೆ ಮಾತುಕತೆ, ಸಾಲ, ಬೇರೆ ಕಸುಬಿನ ದಾರಿ. ದಕ್ಷಿಣ ಸೊಲ್ಲಾಪುರದ ಮುಳೆಗಾಂವ ತಾಂಡಾ ಇದರ ಮುಖ್ಯ ಪ್ರಯೋಗಶಾಲೆ. ಭಟ್ಟಿ ಬಿಟ್ಟ ಮನೆಗಳಿಗೆ ಕೆಲಸ ಹುಡುಕುವ ಹೊಣೆ ಠಾಣೆಯ ಹೆಗಲಿಗೆ ಬಿತ್ತು. ಪ್ರಯೋಗ ರಾಜ್ಯದಾದ್ಯಂತ ಹೆಸರು ಮಾಡಿತು. ಅದಕ್ಕೆ ಬಲವಾಗಿದ್ದದ್ದು ಅಧಿಕಾರಿಯ ಹುರುಪು, ಆಮೇಲೆ ಅವರಿಗೆ ವರ್ಗವಾಯಿತು. ಒಂದು ಕುಟುಂಬ ಸಾರಾಯಿ ಬಿಟ್ಟು ಹೊಲಿಗೆಗೋ ಆಡು ಸಾಕಣೆಗೋ ತಿರುಗಲು ಹಿಡಿಯುವ ಎರಡು ಮೂರು ವರ್ಷಗಳ ಖರ್ಚು ಗೃಹ ಇಲಾಖೆಯ ಬಜೆಟ್ಟಿನಲ್ಲಿ ಬರಬೇಕೋ, ಸಮಾಜಕಲ್ಯಾಣದ ಬಜೆಟ್ಟಿನಲ್ಲಿ ಬರಬೇಕೋ ಎಂಬ ಪ್ರಶ್ನೆ ಮುಂದೆ ಬಂದವರ ಮೇಜಿನ ಮೇಲಿದೆ.